ಕಾಕಂಬಿ

ಅವರು ಬಂದಾಗ ನನಗೆ ಏಳು ವರ್ಷ.
ಅಪ್ಪ ಪೀಪಾಯಿಗೆ ಕಬ್ಬಿಣದ ಬಳೆ ತೊಡಿಸುತ್ತಿದ್ದ,
ಅಮ್ಮ ಜೋಳದ ಹಿಟ್ಟು ಜರಡಿ ಹಿಡಿಯುತ್ತಿದ್ದಳು.
ಬಂದರಿನ ಕಡೆಯಿಂದ ಮೂರು ಜೊತೆ ಬೂಟು.

ಸುಂಕದವನ ಕೈಯಲ್ಲಿ ಒಂದು ಹಾಳೆ.
ಅದರಲ್ಲಿ ನಮ್ಮ ಹೆಸರಿರಲಿಲ್ಲ, ಬೀದಿಯ ಹೆಸರಿರಲಿಲ್ಲ,
ಏನನ್ನು ಹುಡುಕುತ್ತಾರೆ ಎಂದೂ ಇರಲಿಲ್ಲ.
ಯಾರ ಮನೆಗಾದರೂ, ಯಾವ ಹಗಲಾದರೂ
ಎಂದಿತ್ತಂತೆ. ಕಡಲಾಚೆ ಅರಸ
ಉಸಿರಾಡುವ ತನಕ ಆ ಹಾಳೆಗೂ ಉಸಿರು.
ಸುಂಕದವನ ಮುಂದೆ ಸುಖದುಃಖ ಹೇಳಿ ಫಲವೇನು?
ಅಪ್ಪ ಅಗುಳಿ ತೆಗೆಯಲಿಲ್ಲ.
ಕೊಡಲಿ ತೆಗೆಯಿತು.

ನೆಲದ ಹಲಗೆ ಎಬ್ಬಿಸಿದರು. ಇತ್ತು,
ಸುಳ್ಳೇಕೆ ಹೇಳಲಿ, ಇತ್ತು.
ಸುಂಕ ಕಟ್ಟದ ಎರಡು ಪೀಪಾಯಿ ಕಾಕಂಬಿ,
ಗ್ವಾಡಲೂಪಿನದು, ಅಮಾವಾಸ್ಯೆಗೆ ಇಳಿಸಿದ್ದು.
ಒಡೆದರು.
ಅದು ಅವಸರವಿಲ್ಲದೆ ಹರಿಯಿತು,
ಒಲೆಯವರೆಗೆ, ತೊಟ್ಟಿಲ ಕಾಲಿನವರೆಗೆ.
ಬೂಟಿನ ಗುರುತು ಮನೆಯೆಲ್ಲ ಅಂಟಿತು.
ಆಮೇಲೆ ಅಮ್ಮನ ಪೆಟ್ಟಿಗೆ ತೆರೆದರು.
ತೀರಿಕೊಂಡ ತಮ್ಮನ ಎರಡು ಅಂಗಿ
ಎತ್ತಿ, ಕೊಡವಿ, ಬೆಳಕಿಗೆ ಹಿಡಿದರು.
ಅಮ್ಮ ಕೇಳಿದ್ದು ಒಂದೇ ಮಾತು:
‘ಕಾಕಂಬಿ ಸರಿ.
ಅಂಗಿಗೆ ಎಷ್ಟಪ್ಪ ಸುಂಕ?’

ಮುಂದಿನದು ಎಲ್ಲರಿಗೂ ಗೊತ್ತು. ಕೋವಿ, ಹಿಮ, ಹಸಿವು.
ನನ್ನ ಗಂಡ ಜೇಬೆಜ್ ಎರಡು ಬೆರಳು ಕಳೆದುಕೊಂಡು ಬಂದ,
ಜೇಬು ತುಂಬ ನೋಟು,
ಒಂದು ಮೀನು ಕೊಳ್ಳಲೂ ಸಾಲದ ನೋಟು.

ಅರಸ ಹೋದ. ಹೊಸ ಹಾಳೆ ಬಂತು.
ಊರ ಪ್ರಾರ್ಥನಾಮಂದಿರದಲ್ಲಿ ಗಂಡಸರು ಕೂತರು,
ನಾವು ಹೆಂಗಸರು ಕಿಟಕಿಯ ಹೊರಗೆ
ಶಾಲು ಬಿಗಿದುಕೊಂಡು, ಉಸಿರಿಗೆ ಗಾಜು ಮಂಜಾದರೆ ಒರೆಸುತ್ತ.
ಗುಮಾಸ್ತ ಏಳೂ ಕಲಮು ಓದಿ ಮುಗಿಸಿದ.
ಅಪ್ಪ ಎದ್ದ, ಬೆಂಚು ಹಿಡಿದು, ಮೆಲ್ಲಗೆ:
‘ಎಲ್ಲ ಕೇಳಿದೆ.
ನನ್ನ ಬಾಗಿಲು ಎಲ್ಲಿದೆ ಇದರಲ್ಲಿ?’

ಯಾರೋ ನಕ್ಕರು. ಗುಮಾಸ್ತ ಅಂದ,
‘ಟಾರ್ಬೆಲ್ ಅಜ್ಜ, ಇದು ನಮ್ಮದೇ ಸರಕಾರ.
ನಾವೇ ಆರಿಸಿದವರು ನಮ್ಮ ಬಾಗಿಲು ಒಡೆದಾರೆಯೇ?’
‘ಕೊಡಲಿಗೆ ಕಾವು ಎಲ್ಲಿಂದ ಬರುತ್ತದಪ್ಪ,
ಬೇರೆ ಕಾಡಿನಿಂದಲೇ?’
ಆಮೇಲೆ ಯಾರೂ ನಗಲಿಲ್ಲ.

ಒಪ್ಪಿಗೆ ಕೊಟ್ಟರು, ಕೊನೆಗೆ, ಕೈ ಎತ್ತಿ.
ಜೊತೆಗೊಂದು ಪಟ್ಟಿ ಕಳಿಸಿದರು:
ಬಿಟ್ಟುಹೋದದ್ದು ಇಷ್ಟಿಷ್ಟು, ಸೇರಿಸಿಕೊಡಿ.
ಅಪ್ಪ ಕೈ ಎತ್ತಿದನೇ, ಇಲ್ಲವೇ?
ಕಿಟಕಿಯಿಂದ ಕಾಣಲಿಲ್ಲ. ಕೇಳಿದರೆ ಹೇಳಲೂ ಇಲ್ಲ.

ಸೇರಿಸಿದ್ದು ಊರಿಗೆ ತಲಪುವಾಗ ನಾಲ್ಕನೆಯ ಚಳಿಗಾಲ.
ಅಪ್ಪ ಮಣ್ಣಲ್ಲಿದ್ದ.
ಕೊಡಲಿ ಬಿದ್ದಲ್ಲಿ ಅವನು ಹೊಡೆದ ತೇಪೆಯ ಹಲಗೆ
ಬಾಗಿಲಲ್ಲಿ ಇನ್ನೂ ಬೇರೆ ಬಣ್ಣ.
ಅದಕ್ಕೆ ಕೇಳುವ ಹಾಗೆ ಗಟ್ಟಿಯಾಗಿ ಓದಿದೆ:
ಮೈ, ಮನೆ, ಕಾಗದಪತ್ರ.
ಆಣೆಯಿಲ್ಲದೆ, ಕಾರಣವಿಲ್ಲದೆ,
ಯಾವ ಜಾಗ, ಯಾವ ವಸ್ತು ಎಂದು ಹೆಸರಿಸದೆ
ಹುಡುಕುವಂತಿಲ್ಲ.
‘ಬಂತು ಕಣಪ್ಪ’ ಅಂದೆ, ತೇಪೆ ಸವರಿ.

ಹಾಯಿ ಹೊಲಿಯುವ ಕ್ವಾಮಿನೊ ಮೆಟ್ಟಿಲ ಮೇಲೆ ಕೂತಿದ್ದ,
ದಾರಕ್ಕೆ ಮೇಣ ತಿಕ್ಕುತ್ತ.
‘ಥ್ಯಾಂಕ್‌ಫುಲ್, ಚೆನ್ನಾಗಿ ಓದುತ್ತೀಯ.
ಆ ಮೊದಲ ಕಲಮೂ ಒಮ್ಮೆ ಓದು.
ಐದರಲ್ಲಿ ಮೂರು ಅಂತ ಬರುತ್ತದಲ್ಲ, ಅದು.’

ಓದಿದೆ. ಈ ಸಲ ಮೆಲ್ಲಗೆ.

‘ನನ್ನ ತಂಗಿ ಕೆರೊಲಿನಾದಲ್ಲಿದ್ದಾಳೆ,
ಬದುಕಿದ್ದರೆ.
ಅವಳ ಯಾವ ಮೂರು ಪಾಲು ಎಣಿಸಿದರೋ.
ಬಾಗಿಲೇ ಇಲ್ಲದವಳಿಗೆ ಅಗುಳಿಯ ಕಾನೂನು.’
ದಾರ ಹಲ್ಲಲ್ಲಿ ಕಡಿದ. ಸ್ವಲ್ಪ ಹೊತ್ತು ಬಿಟ್ಟು:
‘ನಿಮ್ಮಪ್ಪನ ಕಾಕಂಬಿ ಇತ್ತಲ್ಲ,
ಅದನ್ನು ಕುದಿಸಿದ ಕೈ ಯಾರದು ಅಂತ
ಆವತ್ತು ಸುಂಕದವನೂ ಕೇಳಲಿಲ್ಲ,
ನಿಮ್ಮಪ್ಪನೂ ಕೇಳಲಿಲ್ಲ.’

ನಾನು ಹಾಳೆ ಮಡಿಸಿದೆ.
ಎಲ್ಲಿಡಬೇಕೋ ತಿಳಿಯದೆ
ಅಮ್ಮನ ಪೆಟ್ಟಿಗೆಯಲ್ಲಿಟ್ಟೆ, ಅಂಗಿಗಳ ಕೆಳಗೆ.

ಎಷ್ಟು ತಿಕ್ಕಿದ್ದೇವೆ ಆ ನೆಲವನ್ನು,
ಮರಳು ಹಾಕಿ, ಸುಣ್ಣ ಹಾಕಿ, ಇಪ್ಪತ್ತೈದು ವರ್ಷ.
ಬೇಸಿಗೆ ಬಂದರೆ ಈಗಲೂ
ಒಲೆಯ ಹತ್ತಿರದ ಹಲಗೆ ಬೆವರುತ್ತದೆ.
ಇರುವೆ ಬರುತ್ತವೆ.